ಗುವಾಂಗ್‌ಝೌನಲ್ಲಿ ಎರಡೂವರೆ ತಿಂಗಳ ಬಾಡಿಗೆ ಮನೆ: ಬಾಡಿಗೆ ಎಷ್ಟು ಅಂತ ಆಮೇಲೆ ಕೇಳಿ

ಚೀನಾದಲ್ಲಿ ಒಂದೆರಡು ತಿಂಗಳಿಗೆ ಮನೆ ಹುಡುಕುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮನೆ ಎಲ್ಲಿದೆ, ಬಾಡಿಗೆ ಎಷ್ಟು, ಲಿಫ್ಟ್ ಇದೆಯಾ ಅಂತ ಆಮೇಲೆ ಕೇಳಿ. "ನನ್ನ ಹೆಸರನ್ನು ಪೊಲೀಸ್ ಠಾಣೆಯಲ್ಲಿ ನೋಂದಣಿ ಮಾಡಿಸಿಕೊಡುತ್ತೀರಾ?" ಅನ್ನುವುದು ಮೊದಲ ಪ್ರಶ್ನೆ ಆಗಬೇಕು. ಇದಕ್ಕೆ ಹೌದು ಅನ್ನದ ಮನೆ ಎಷ್ಟೇ ಚೆನ್ನಾಗಿದ್ದರೂ ವಿದೇಶಿಯರಿಗೆ ಅದು ಮನೆಯೇ ಅಲ್ಲ. ನಾನು ಇದನ್ನು ಕಲಿತದ್ದು ಹಣ ಕೊಟ್ಟ ಮೇಲೆ, ಸೂಟ್‌ಕೇಸ್ ಹಿಡಿದು ಮನೆಯೊಳಗೆ ಕಾಲಿಟ್ಟ ಮೇಲೆ.

ನಾನು ಹೋಗಿದ್ದು 2024ರ ಮಾರ್ಚ್ ಮೊದಲ ವಾರ. ಕೆಲಸದ ಮೇಲೆ ಎರಡೂವರೆ ತಿಂಗಳು ದಕ್ಷಿಣ ಚೀನಾದ ಗುವಾಂಗ್‌ಝೌನಲ್ಲಿ ಇರಬೇಕಿತ್ತು. ಅಷ್ಟು ದಿನ ಹೋಟೆಲ್ ರೂಮಿನಲ್ಲಿ ಇರುವುದು ನನಗೆ ಆಗುವುದಿಲ್ಲ. ನಾನು ಮಾಂಸ ತಿನ್ನುವುದಿಲ್ಲ, ಅಲ್ಲಿ ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು ಹಾಕುವುದುಂಟು, ಹಾಗಾಗಿ ಒಂದು ಒಲೆ ಇರುವ ಜಾಗ ಬೇಕೇ ಬೇಕು. ಕಂಪನಿ ಖರ್ಚಿಗೂ ಒಂದು ಮಿತಿ ಇತ್ತು.

ದಿನದ ಲೆಕ್ಕದಲ್ಲಿ ಮನೆ ಕೊಡಿಸುವ ಏರ್‌ಬಿಎನ್‌ಬಿ ಆಪ್ ನೋಡೋಣ ಅಂತ ಯಾರಾದರೂ ಅಂದುಕೊಂಡಿದ್ದರೆ, ಅಲ್ಲಿ ಅದು ಇಲ್ಲ. 2022ರ ಜುಲೈ 30ಕ್ಕೆ ಅವರು ಚೀನಾ ಮುಖ್ಯಭೂಮಿಯ ಎಲ್ಲ ಮನೆಗಳನ್ನೂ ತೆಗೆದುಹಾಕಿದರು. ಈಗ ಅಲ್ಲಿ ನಡೆಯುವುದು ತುಜ್ಯಾ, ಮೇಯ್‌ತ್ವಾನ್, ಸೀಟ್ರಿಪ್ ಮುಂತಾದ ಸ್ಥಳೀಯ ಆಪ್‌ಗಳು. ಇಂಥ ದಿನಬಾಡಿಗೆ ಮನೆಗೆ ಅಲ್ಲಿ 'ಮಿನ್‌ಸು' ಅನ್ನುತ್ತಾರೆ. ಕಡಿಮೆ ಅವಧಿಯ ಬಾಡಿಗೆಗೆ 'ದ್ವಾನ್‌ಝು' ಅಂತ ಹೆಸರು. ಫೋಟೋಗಳು ತುಂಬಾ ಚೆನ್ನಾಗಿರುತ್ತವೆ. ಹಲವು ಕಡೆ ಹೆಸರು ಹಾಕಿದ ಕೂಡಲೇ ಚೀನಾದ 18 ಅಂಕಿಯ ಗುರುತಿನ ಸಂಖ್ಯೆ ಕೇಳುತ್ತದೆ, ನಮ್ಮ ಪಾಸ್‌ಪೋರ್ಟ್ ಸಂಖ್ಯೆ ಹಾಕಲು ಜಾಗವೇ ಇರುವುದಿಲ್ಲ. ಕೆಲವು ಕಡೆ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತದೆ. ಹಾಗೆ ತೆಗೆದುಕೊಂಡಿತು ಅಂದಮಾತ್ರಕ್ಕೆ ಎಲ್ಲ ಸರಿಯಾಯಿತು ಅಂತಲ್ಲ. ಮನೆಯ ವಿವರದಲ್ಲಿ 'ವೈಬಿನ್' ಅನ್ನುವ ಪದ ಇದೆಯಾ ನೋಡಬೇಕು. ವೈಬಿನ್ ಅಂದರೆ ವಿದೇಶಿ ಅತಿಥಿ. ಅವರನ್ನು ಇಟ್ಟುಕೊಳ್ಳುತ್ತೇವೆ ಅಥವಾ ಇಟ್ಟುಕೊಳ್ಳುವುದಿಲ್ಲ ಅಂತ ಅಲ್ಲಿ ಬರೆದಿರುತ್ತಾರೆ. ನಾನು ಈ ಪದವನ್ನು ನೋಡಿರಲಿಲ್ಲ, ಅದರ ಅರ್ಥವೂ ನನಗೆ ಗೊತ್ತಿರಲಿಲ್ಲ.

ಮೊದಲ ಮನೆಯನ್ನು ಹೊರಡುವ ಮೊದಲೇ ಬುಕ್ ಮಾಡಿದ್ದೆ. ಯಾವ ಆಪ್, ಯಾವ ಮಾಲೀಕ ಅಂತ ಹೆಸರು ಹೇಳುವುದಿಲ್ಲ. 26ನೇ ಮಹಡಿ, ಝುಜ್ಯಾಂಗ್ ನ್ಯೂ ಟೌನ್ ಹತ್ತಿರ, ಕಿಟಕಿಯಿಂದ ನದಿಯ ಆಚೆ ಕ್ಯಾಂಟನ್ ಟವರ್ ಕಾಣುತ್ತಿತ್ತು. ತಿಂಗಳಿಡೀ ತೆಗೆದುಕೊಂಡರೆ ರಿಯಾಯಿತಿ ಅಂತ 30 ದಿನದ ಹಣ ಪೂರ್ತಿ ಕಟ್ಟಿದ್ದೆ. ರಾತ್ರಿ ಒಂಬತ್ತಕ್ಕೆ ಹೋಗಿ ನಿಂತರೆ ಅಲ್ಲಿ ಯಾರೂ ಇಲ್ಲ. ಬಾಗಿಲಿನ ಬೀಗದ ನಂಬರ್ ಮೆಸೇಜ್‌ನಲ್ಲಿ ಬಂತು. ಅದರ ಕೆಳಗೇ ಇನ್ನೊಂದು ಸಾಲು: "ಕೆಳಗೆ ಸೆಕ್ಯುರಿಟಿಯವರು ಕೇಳಿದರೆ ಸ್ನೇಹಿತರ ಮನೆಗೆ ಬಂದಿದ್ದೇನೆ ಅಂತ ಹೇಳಿ." ನಾನು ಪೊಲೀಸ್ ನೋಂದಣಿ ಬಗ್ಗೆ ಕೇಳಿದೆ. "ಬೇಕಾಗಿಲ್ಲ, ಯಾರೂ ಕೇಳುವುದಿಲ್ಲ" ಅಂತ ಉತ್ತರ ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಅಷ್ಟು ಭಯ ಅಂದರೆ, ಕಾನೂನು ಸ್ಪಷ್ಟವಾಗಿದೆ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಪ್ರವೇಶ-ನಿರ್ಗಮನ ಕಾಯ್ದೆಯ 39ನೇ ಕಲಮಿನ ಪ್ರಕಾರ, ಹೋಟೆಲ್ ಬಿಟ್ಟು ಬೇರೆಲ್ಲಾದರೂ ಉಳಿಯುವ ವಿದೇಶಿಯರು 24 ಗಂಟೆಯೊಳಗೆ ಆ ಏರಿಯಾದ ಪೊಲೀಸರಲ್ಲಿ ನೋಂದಣಿ ಮಾಡಿಸಬೇಕು. ನೀವು ಮಾಡಿಸಬಹುದು, ಇಲ್ಲ ನಿಮ್ಮನ್ನು ಇಟ್ಟುಕೊಂಡವರು ಮಾಡಿಸಬಹುದು. ಮಾಡಿಸದಿದ್ದರೆ ಎಚ್ಚರಿಕೆ ಕೊಡುತ್ತಾರೆ, ಅದರ ಜೊತೆ 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಹೋಟೆಲ್‌ನಲ್ಲಿ ಇದು ನಮ್ಮ ಕಣ್ಣಿಗೇ ಬೀಳುವುದಿಲ್ಲ, ಕೌಂಟರಿನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದಾಗಲೇ ಅವರು ಮುಗಿಸಿಬಿಟ್ಟಿರುತ್ತಾರೆ. ಮನೆಯಲ್ಲಿ ಉಳಿದಾಗ ಮಾತ್ರ ಆ ಜವಾಬ್ದಾರಿ ನಮ್ಮ ತಲೆ ಮೇಲೆ ಬರುತ್ತದೆ. ದಂಡದ ಹಣಕ್ಕಿಂತ ನನಗೆ ಚಿಂತೆಯಾಗಿದ್ದು ವೀಸಾದ ಬಗ್ಗೆ. ಮುಂದೆ ವೀಸಾ ವಿಸ್ತರಣೆಗೆ ಹೋದರೆ ಮೊದಲು ಕೇಳುವ ಕಾಗದಗಳಲ್ಲಿ ಈ ನೋಂದಣಿ ಚೀಟಿಯೂ ಒಂದು.

ಬೆಳಿಗ್ಗೆ ನಾನೇ 'ಪೈಚುಸ್ವೊ'ಗೆ ಹೋದೆ. ಪೈಚುಸ್ವೊ ಅಂದರೆ ಏರಿಯಾ ಪೊಲೀಸ್ ಠಾಣೆ. ಅಲ್ಲಿದ್ದ ಯುವ ಅಧಿಕಾರಿ ಫೋನಿನ ಅನುವಾದದ ಆಪ್ ಹಿಡಿದು ತಾಳ್ಮೆಯಿಂದ ಮಾತಾಡಿದರು. ನನ್ನ ಪಾಸ್‌ಪೋರ್ಟ್, ವೀಸಾ ಪುಟ, ದೇಶದೊಳಗೆ ಬಂದಾಗ ಹಾಕಿದ ಮುದ್ರೆ ಎಲ್ಲ ಸರಿ ಇತ್ತು. ಬಾಡಿಗೆ ಕರಾರು ಪತ್ರ ಎಲ್ಲಿ, ಮಾಲೀಕರ ಗುರುತಿನ ಚೀಟಿಯ ನಕಲು ಎಲ್ಲಿ, ಮನೆ ಅವರದೇ ಅನ್ನುವ ಹಕ್ಕುಪತ್ರ ಎಲ್ಲಿ ಅಂತ ಕೇಳಿದರು. ನಾನು ಮೆಸೇಜ್ ಮಾಡಿದೆ. ಅರ್ಧ ಗಂಟೆ ಕಾದ ಮೇಲೆ ಗೊತ್ತಾಯಿತು, ನಾನು ಮಾಲೀಕ ಅಂದುಕೊಂಡವನು ಮಾಲೀಕನೇ ಅಲ್ಲ. ಅವನು 'ಅರ್ ಫಾಂಗ್‌ಡೋಂಗ್', ಅಂದರೆ ಎರಡನೇ ಮಾಲೀಕ: ಯಾರದೋ ಮನೆಯನ್ನು ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ಅದನ್ನೇ ದಿನದ ಲೆಕ್ಕದಲ್ಲಿ ನಮ್ಮಂಥವರಿಗೆ ಕೊಡುವವನು. ಹಕ್ಕುಪತ್ರ ಅವನ ಹತ್ತಿರ ಎಲ್ಲಿಂದ ಬರಬೇಕು? ನಿಜವಾದ ಮಾಲೀಕರಿಗೆ ತಮ್ಮ ಮನೆಯಲ್ಲಿ ವಿದೇಶಿಯರು ಇರುವುದೇ ಗೊತ್ತಿರಲಿಲ್ಲ.

ಅಧಿಕಾರಿ ದಂಡ ಹಾಕಲಿಲ್ಲ. ಇಂದೇ ಹೋಟೆಲ್‌ಗೆ ಹೋಗಿ, ಸರಿಯಾದ ಮನೆ ಸಿಕ್ಕ ಮೇಲೆ ಬನ್ನಿ ಅಂದರು. ಹೋದೆ. ಒಂದು ವಾರ ವಾದ ಮಾಡಿದ ಮೇಲೆ ಎರಡು ರಾತ್ರಿಯ ಹಣ ಮುರಿದುಕೊಂಡು ಉಳಿದದ್ದು ವಾಪಸ್ ಬಂತು. ಈ ಮನೆಗೆ ನಾನು ಕೊಡುವ ಅಂಕ ಸೊನ್ನೆ. ನದಿ ಕಂಡರೇನು, ಟವರ್ ಕಂಡರೇನು, ಅಲ್ವಾ? ಸುಳ್ಳು ಹೇಳಿಕೊಂಡು ಒಳಗೆ ಹೋಗಬೇಕಾದ ಜಾಗದಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ.

ಹೋಟೆಲ್‌ನಲ್ಲಿ ಕೂತು ಒಂಬತ್ತು ದಿನ ಹುಡುಕಿದೆ. ಆ ಒಂಬತ್ತು ದಿನದಲ್ಲಿ ನೋಡಿದ್ದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮುಂದೆ ಹೋಗುವವರಿಗೆ ಕೆಲಸಕ್ಕೆ ಬರುವುದು ಇದೇ.

ಮೊದಲು ಸರ್ವೀಸ್ ಅಪಾರ್ಟ್‌ಮೆಂಟ್‌ಗಳು. ಆಸ್ಕಾಟ್, ಸಾಮರ್‌ಸೆಟ್, ಸಿಟಡೀನ್ಸ್, ಫ್ರೇಸರ್ ಇವೆಲ್ಲ ಚೀನಾದ ದೊಡ್ಡ ಊರುಗಳಲ್ಲಿ ಇವೆ, ಗುವಾಂಗ್‌ಝೌನಲ್ಲೂ ಇವೆ. ಪಾಸ್‌ಪೋರ್ಟ್ ಕೊಟ್ಟರೆ ನೋಂದಣಿ ಅವರೇ ಮಾಡುತ್ತಾರೆ. ಅಡುಗೆಮನೆ ಇರುತ್ತದೆ, ವಾಷಿಂಗ್ ಮಷೀನ್ ಇರುತ್ತದೆ, ಇಂಗ್ಲಿಷ್ ಬರುವವರು ಕೌಂಟರಿನಲ್ಲಿ ಇರುತ್ತಾರೆ, ವಿದೇಶಿ ಕಾರ್ಡ್ ತೆಗೆದುಕೊಳ್ಳುತ್ತಾರೆ, ಕಂಪನಿಗೆ ಕೊಡಲು 'ಫಾಪ್ಯಾವ್' ಅನ್ನುವ ಅಧಿಕೃತ ರಸೀದಿಯೂ ಸಿಗುತ್ತದೆ. ಕಂಪನಿ ಹಣ ಕೊಡುವುದಾದರೆ ಯೋಚನೆ ಮಾಡಬೇಡಿ, ಇದನ್ನೇ ತೆಗೆದುಕೊಳ್ಳಿ. ನನಗೆ ಹೇಳಿದ ಬೆಲೆ ಸಾಮಾನ್ಯ ಮನೆಯ ಮೂರು-ನಾಲ್ಕು ಪಟ್ಟು ಇತ್ತು, ಹಾಗಾಗಿ ಬಿಟ್ಟೆ.

ಆಮೇಲೆ ಕಂಪನಿಗಳೇ ನಡೆಸುವ ಬಾಡಿಗೆ ಮನೆಗಳು. ಝಿರೂಮ್‌ನಂಥವು. ಮನೆ ಅಚ್ಚುಕಟ್ಟು, ಎಲ್ಲವೂ ಆಪ್‌ನಲ್ಲೇ ನಡೆಯುತ್ತದೆ. ಹೆಚ್ಚಿನವು ಒಂದು ವರ್ಷದ ಕರಾರಿನ ಲೆಕ್ಕದಲ್ಲಿ ನಡೆಯುತ್ತವೆ, ಎರಡು ತಿಂಗಳು ಅಂದರೆ ಬಾಡಿಗೆ ಏರುತ್ತದೆ ಇಲ್ಲ ಮನೆಯೇ ಇಲ್ಲ ಅನ್ನುತ್ತಾರೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಯಾವ ಕಂಪನಿಯೇ ಆಗಲಿ, ರಿಯಾಯಿತಿ ಅಂತ ಆರು ತಿಂಗಳು, ವರ್ಷದ ಬಾಡಿಗೆಯನ್ನು ಒಟ್ಟಿಗೆ ಕಟ್ಟಬೇಡಿ. 2020ರ ಕೊನೆಯಲ್ಲಿ ಡಾನ್‌ಕ ಅನ್ನುವ ದೊಡ್ಡ ಕಂಪನಿ ಕುಸಿದಾಗ, ಬಾಡಿಗೆದಾರರು ಮುಂಗಡ ಕಟ್ಟಿದ್ದರೂ ಮಾಲೀಕರಿಗೆ ಹಣ ಹೋಗಿರಲಿಲ್ಲ. ಮಾಲೀಕರು ಬಂದು ಮನೆ ಖಾಲಿ ಮಾಡಿ ಅಂದರು. ಆ ಕಂಪನಿ ಅದೇ ವರ್ಷದ ಜನವರಿಯಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಕಾಲಿಟ್ಟಿತ್ತು. ದೊಡ್ಡ ಹೆಸರು ಇದ್ದರೆ ಹಣ ಭದ್ರ ಅಂತ ಅಂದುಕೊಳ್ಳಬಾರದು.

ಕೊನೆಗೆ ಬ್ರೋಕರ್‌ಗಳು. ಚೀನೀ ಭಾಷೆಯಲ್ಲಿ 'ಝೋಂಗ್‌ಜ್ಯೆ'. ಪ್ರತಿ ಬೀದಿಯಲ್ಲೂ ಇವರ ಅಂಗಡಿ ಇರುತ್ತದೆ, ಗಾಜಿನ ಮೇಲೆ ಮನೆಗಳ ಬೆಲೆ ಬರೆದ ಚೀಟಿಗಳನ್ನು ಅಂಟಿಸಿರುತ್ತಾರೆ. ನಾನು ಎಂಟು ಅಂಗಡಿ ಹತ್ತಿದೆ. ಐದು ಕಡೆ ಎರಡೂವರೆ ತಿಂಗಳು ಅಂದ ಕೂಡಲೇ ತಲೆ ಅಲ್ಲಾಡಿಸಿದರು, ಕನಿಷ್ಠ ಆರು ತಿಂಗಳಾದರೂ ಬೇಕು ಅಂದರು. ಎರಡು ಕಡೆ ಮಾಲೀಕರಿಗೆ ಫೋನ್ ಮಾಡಿ, ವಿದೇಶಿಯರು ಅಂತ ಹೇಳಿದ ಮೇಲೆ ಬೇಡ ಅಂದರು. ಮೊದಮೊದಲು ನನಗೆ ಬೇಜಾರಾಗಿತ್ತು. ಆಮೇಲೆ ಒಬ್ಬ ಬ್ರೋಕರ್ ಹುಡುಗ ಕಾರಣ ಬಿಡಿಸಿ ಹೇಳಿದ. ನೋಂದಣಿಗೆ ಮಾಲೀಕರು ಕಾಗದ ಕೊಡಬೇಕು, ಕೆಲವೊಮ್ಮೆ ಠಾಣೆಗೆ ಬರಬೇಕು. ಎರಡು ತಿಂಗಳ ಬಾಡಿಗೆಗೆ ಅಷ್ಟು ಓಡಾಟ ಯಾರಿಗೂ ಇಷ್ಟವಿಲ್ಲ. ಬಾಡಿಗೆ ಆದಾಯ ಸರ್ಕಾರದ ಲೆಕ್ಕಕ್ಕೆ ಬಂದು ತೆರಿಗೆ ಕಟ್ಟಬೇಕಾದೀತು ಅನ್ನುವ ಅಳುಕು ಬೇರೆ. ನಮ್ಮ ಮೇಲೆ ಸಿಟ್ಟೇನೂ ಇಲ್ಲ. ಅದು ಗೊತ್ತಾದ ಮೇಲೆ ನಾನು ಕೇಳುವ ರೀತಿಯನ್ನೇ ಬದಲಾಯಿಸಿದೆ. ಅಂಗಡಿಗೆ ಹೋದ ಕೂಡಲೇ, "ನೆಂಗ್ ಬಾನ್ ಝುಸು ಡೆಂಗ್‌ಜಿ ಮಾ?" ಅಂತ ಕೇಳುತ್ತಿದ್ದೆ. ವಾಸದ ನೋಂದಣಿ ಮಾಡಿಸಲು ಆಗುತ್ತದಾ ಅಂತ ಅದರ ಅರ್ಥ. ಈ ಒಂದು ವಾಕ್ಯ ಕಲಿತುಕೊಳ್ಳಿ. ಉಚ್ಚಾರ ಸರಿ ಬರದಿದ್ದರೆ ಫೋನಿನಲ್ಲಿ ಬರೆದು ತೋರಿಸಿ. ಉತ್ತರ ಹೇಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅನ್ನುವುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಎಂಟನೇ ಅಂಗಡಿಯ ಹುಡುಗ "ನೆಂಗ್" ಅಂದ. ಆಗುತ್ತದೆ.

ಮನೆ ಇದ್ದದ್ದು ಮೆಟ್ರೊ 5ನೇ ಲೈನಿನ ತಾವ್‌ಜಿನ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆಯುವ ದೂರದಲ್ಲಿ. ಹಳೆಯ ಏಳು ಮಹಡಿ ಕಟ್ಟಡ, ಲಿಫ್ಟ್ ಇಲ್ಲ, ನಮ್ಮದು ಐದನೇ ಮಹಡಿ. ಅಲ್ಲಿ ನೆಲಮಹಡಿಯನ್ನೇ ಒಂದನೇ ಮಹಡಿ ಅನ್ನುತ್ತಾರೆ, ಹಾಗಾಗಿ ಹತ್ತಬೇಕಾದದ್ದು ನಾಲ್ಕು. ಒಂದು ಮಲಗುವ ಕೋಣೆ, ಒಂದು ಹಾಲ್, ಅಡುಗೆಮನೆ, ಬಚ್ಚಲು, ಬಟ್ಟೆ ಒಣಗಿಸುವ ಬಾಲ್ಕನಿ. ತಿಂಗಳಿಗೆ 4,600 ಯುವಾನ್. ಮಾಲೀಕರು ನಿವೃತ್ತರಾದ ಒಬ್ಬ ಹೆಂಗಸು. ಅವರನ್ನು ಎಲ್ಲರೂ 'ಆಯಿ' ಅಂತ ಕರೆಯುತ್ತಿದ್ದರು. ಅಲ್ಲಿ ಆ ಪದಕ್ಕೆ ಚಿಕ್ಕಮ್ಮ ಅನ್ನುವ ಅರ್ಥ. ಅಮ್ಮನನ್ನೋ ಅಜ್ಜಿಯನ್ನೋ ಆಯಿ ಅಂತ ಕರೆಯುವವರು ನಮ್ಮಲ್ಲೂ ಇದ್ದಾರಲ್ಲ, ನನಗೆ ಆ ಕರೆ ಮೊದಲ ದಿನವೇ ಸಲೀಸಾಗಿ ಬಾಯಿಗೆ ಬಂತು.

ಆಯಿ ಮನೆ ತೋರಿಸುವ ಮೊದಲೇ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಮನೆಯ ಕೆಂಪು ರಟ್ಟಿನ ಹಕ್ಕುಪತ್ರ, ಅವರ ಗುರುತಿನ ಚೀಟಿಯ ನಕಲು, ಹಳೇ ಬಾಡಿಗೆದಾರರ ನೋಂದಣಿ ಚೀಟಿಯ ಒಂದು ಪ್ರತಿ. ಬ್ರೋಕರ್ ಹುಡುಗ ಅನುವಾದ ಮಾಡಿದ: "ಮೊದಲು ಪೈಚುಸ್ವೊಗೆ ಹೋಗೋಣ. ಅಲ್ಲಿ ಆಗಲ್ಲ ಅಂದರೆ ನೀವು ನನಗೆ ಹಣ ಕೊಡಬೇಡಿ." ಅಷ್ಟು ದಿನ ಸುತ್ತಿ ಸುಸ್ತಾಗಿದ್ದ ನನಗೆ ಈ ಮಾತು ಕೇಳಿ ಕಣ್ಣು ತುಂಬಿ ಬಂತು. ಮನೆ ಇನ್ನೂ ಸರಿಯಾಗಿ ನೋಡಿರಲಿಲ್ಲ, ಆದರೆ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು.

ಕರಾರಿಗೆ ಸಹಿ ಹಾಕಿ ಮೂವರೂ ಒಟ್ಟಿಗೆ ಹೋದೆವು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಒಂದು ಹಾಳೆ ಕೊಟ್ಟರು, ಮೇಲೆ ಕೆಂಪು ಮುದ್ರೆ. ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡೆ, ಮೂಲ ಪ್ರತಿ ಪಾಸ್‌ಪೋರ್ಟ್ ಜೊತೆ. ಶಾಂಘೈನಂಥ ಊರಿನಲ್ಲಿ ಇದನ್ನು ಆನ್‌ಲೈನ್‌ನಲ್ಲೇ ಮಾಡಬಹುದು, ಠಾಣೆಗೆ ಹೋಗಬೇಕಾಗಿಲ್ಲ. ಆದರೂ ಮಾಲೀಕರ ವಿವರ ಬೇಕೇ ಬೇಕು. ಮನೆ ಬದಲಾಯಿಸಿದರೆ ಮತ್ತೆ ಹೊಸದಾಗಿ ಮಾಡಿಸಬೇಕು ಅನ್ನುವುದನ್ನು ಮರೆಯಬೇಡಿ.

ಹಣದ ವಿಷಯಕ್ಕೆ ಬರೋಣ. ಬೀಜಿಂಗ್, ಶಾಂಘೈನಲ್ಲಿ 'ಯಾ ಯಿ ಫು ಸಾನ್' ಅನ್ನುವುದು ರೂಢಿ: ಒಂದು ತಿಂಗಳ ಬಾಡಿಗೆ ಅಡ್ವಾನ್ಸ್, ಅದರ ಮೇಲೆ ಮೂರು ತಿಂಗಳ ಬಾಡಿಗೆ ಒಟ್ಟಿಗೆ. ಗುವಾಂಗ್‌ಝೌ, ಶೆನ್‌ಝೆನ್ ಕಡೆ 'ಯಾ ಅರ್ ಫು ಯಿ': ಎರಡು ತಿಂಗಳ ಅಡ್ವಾನ್ಸ್, ಬಾಡಿಗೆ ಮಾತ್ರ ತಿಂಗಳು ತಿಂಗಳು. ಎರಡೂವರೆ ತಿಂಗಳು ಇರುವವರಿಗೆ ಎರಡು ತಿಂಗಳ ಅಡ್ವಾನ್ಸ್ ತುಂಬಾ ಜಾಸ್ತಿ ಅಂತ ಕೇಳಿದೆ, ಆಯಿ ಒಂದು ತಿಂಗಳಿಗೆ ಇಳಿಸಿದರು. ಬ್ರೋಕರ್‌ಗೆ ಅರ್ಧ ತಿಂಗಳು, 2,300. ಅವನು ಪಟ್ಟ ಶ್ರಮಕ್ಕೆ ಅದು ಹೆಚ್ಚಲ್ಲ.

ಹಣ ಕೊಡುವುದು ಹೇಗೆ ಅನ್ನುವುದು ಇನ್ನೊಂದು ತಲೆನೋವು. ಅಲಿಪೇ, ವೀಚ್ಯಾಟ್ ಅನ್ನುವ ಪಾವತಿ ಆಪ್ ಎರಡಕ್ಕೂ ಈಗ ನಮ್ಮ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ ಜೋಡಿಸಬಹುದು, ಅಂಗಡಿ, ಮೆಟ್ರೊ, ಟ್ಯಾಕ್ಸಿ ಎಲ್ಲದಕ್ಕೂ ಅದು ಸಾಕು. 200 ಯುವಾನ್ ದಾಟಿದ ಪಾವತಿಗೆ 3% ಶುಲ್ಕ ಇರುತ್ತದೆ. ಆದರೆ ನಾನಿದ್ದಾಗ ಹೀಗೆ ಜೋಡಿಸಿದ ಕಾರ್ಡಿನಿಂದ ಒಬ್ಬ ವ್ಯಕ್ತಿಗೆ ನೇರವಾಗಿ ಹಣ ಕಳಿಸಲು ಬರುತ್ತಿರಲಿಲ್ಲ, ಅಂದರೆ ಮಾಲೀಕರಿಗೆ ಬಾಡಿಗೆ ಕಳಿಸಲು ಆಗುವುದಿಲ್ಲ. ಎರಡು ತಿಂಗಳಿಗೆ ಬ್ಯಾಂಕ್ ಖಾತೆ ತೆರೆಯುವುದೂ ಸುಲಭವಲ್ಲ. ಬ್ಯಾಂಕ್ ಆಫ್ ಚೀನಾದ ಎಟಿಎಂನಲ್ಲಿ ಎರಡು ದಿನ ನಗದು ತೆಗೆದೆ, ಒಂದು ಸಲಕ್ಕೆ ಎರಡೂವರೆ ಸಾವಿರದಂತೆ. ಆಯಿಗೆ ನಗದು ಕೊಟ್ಟಾಗಲೆಲ್ಲ ಅವರು ಕೈಬರಹದ ರಸೀದಿ ಕೊಟ್ಟರು, ಅದಕ್ಕೆ ಹೆಬ್ಬೆರಳಿನ ಕೆಂಪು ಗುರುತೂ ಹಾಕಿದರು. ನಗದು ಕೊಟ್ಟರೆ ರಸೀದಿ ಇಲ್ಲದೆ ಕೈಬಿಡಬೇಡಿ.

ಕರಾರು ಪತ್ರ ಪೂರ್ತಿ ಚೀನೀ ಭಾಷೆಯಲ್ಲಿತ್ತು. ನಾನು ಒಂದೊಂದೇ ಪುಟದ ಫೋಟೋ ತೆಗೆದು ಫೋನಿನಲ್ಲಿ ಅನುವಾದ ಮಾಡಿ ಓದಿದೆ. ಒಂದು ಗಂಟೆ ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ. ನಾನು ಹುಡುಕಿದ್ದು ನಾಲ್ಕೇ ವಿಷಯ. 'ಯಾಜಿನ್', ಅಂದರೆ ಅಡ್ವಾನ್ಸ್, ಯಾವ ದಿನ ವಾಪಸ್ ಬರುತ್ತದೆ, ಬೇಗ ಹೊರಟರೆ ಏನು, ಗೀಸರ್ ಕೆಟ್ಟರೆ ಯಾರ ಖರ್ಚು, ಕರೆಂಟ್ ಯೂನಿಟ್‌ಗೆ ಎಷ್ಟು. ಕೊನೆಯದು ಚಿಕ್ಕ ವಿಷಯ ಅಂತ ಬಿಡಬೇಡಿ. ಅಲ್ಲಿ ಸರ್ಕಾರಿ ದರ ಯೂನಿಟ್‌ಗೆ ಸುಮಾರು 0.6 ಯುವಾನ್. ನಗರದೊಳಗಿನ ಹಳ್ಳಿಗಳಲ್ಲಿ, ಅಂದರೆ ಒಂದು ಮನೆಯ ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯವರ ಕೈ ಕುಲುಕಬಹುದಾದಷ್ಟು ಹತ್ತಿರ ಕಟ್ಟಿದ ಕಟ್ಟಡಗಳಲ್ಲಿ, ಬಾಡಿಗೆ ಕಡಿಮೆ ತೋರಿಸಿ ಕರೆಂಟ್‌ಗೆ ಒಂದು ಯುವಾನ್‌ಗಿಂತ ಜಾಸ್ತಿ ಹಾಕುವವರಿದ್ದಾರೆ. ಆಯಿ ಮೀಟರ್ ಬಿಲ್ಲನ್ನೇ ನನ್ನ ಕೈಗೆ ಕೊಡುತ್ತಿದ್ದರು.

2025ರ ಸೆಪ್ಟೆಂಬರ್ 15ರಿಂದ ಇಡೀ ದೇಶಕ್ಕೆ ಹೊಸ ಬಾಡಿಗೆ ನಿಯಮ ಬಂದಿದೆ. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್ ಅನ್ನುವುದನ್ನು ಕರಾರಿನಲ್ಲೇ ಬರೆಯಬೇಕು, ಸರಿಯಾದ ಕಾರಣ ಇಲ್ಲದೆ ಮುರಿದುಕೊಳ್ಳುವಂತಿಲ್ಲ. ಅಡುಗೆಮನೆ, ಬಾಲ್ಕನಿಗಳನ್ನು ಪ್ರತ್ಯೇಕ ರೂಮ್ ಮಾಡಿ ಬಾಡಿಗೆಗೆ ಕೊಡುವಂತೆಯೂ ಇಲ್ಲ. ಇದು ತುಂಬಾ ಒಳ್ಳೆಯ ಕೆಲಸ. ಈಗ ಹೋಗುವವರು ಧೈರ್ಯವಾಗಿ ಇದನ್ನು ಎತ್ತಿ ಕೇಳಬಹುದು.

ಮನೆ ಹೇಗಿತ್ತು ಅಂತ ಈಗ ಹೇಳುತ್ತೇನೆ.

ಅಡುಗೆಮನೆ ನನಗೆ ತುಂಬಾ ಹಿಡಿಸಿತು. ಎರಡು ಬರ್ನರ್ ಗ್ಯಾಸ್ ಒಲೆ, ಉರಿ ಎಷ್ಟು ಜೋರು ಅಂದರೆ ಒಗ್ಗರಣೆ ಹಾಕಲು ಹತ್ತು ಸೆಕೆಂಡ್ ಸಾಕು. ಹೊಗೆ ಎಳೆಯುವ ದೊಡ್ಡ ಫ್ಯಾನ್ ಒಲೆಯ ಮೇಲೆಯೇ ಇತ್ತು. ಕುಕ್ಕರ್ ನಾನು ತೆಗೆದುಕೊಂಡು ಹೋಗಿದ್ದೆ, ಅದು ಸರಿಯಾದ ನಿರ್ಧಾರ. ಮುಂದಿನ ಸ್ಟೇಷನ್ ಶ್ಯಾವ್‌ಬೇ, ಅಲ್ಲಿ ಆಫ್ರಿಕಾ, ಅರಬ್ ದೇಶಗಳ ವ್ಯಾಪಾರಿಗಳು ತುಂಬಾ ಜನ, ಹಾಗಾಗಿ ಜೀರಿಗೆ, ಅರಿಸಿನ, ಬೇಳೆಗಳು ಅಂಗಡಿಯಲ್ಲಿ ಸಿಕ್ಕವು. ಎರಡನೇ ವಾರದಿಂದ ದಿನಾ ರಾತ್ರಿ ಅನ್ನ-ಸಾರು. ಕೆಲಸ ಮುಗಿಸಿ ಬಂದು ನನ್ನದೇ ಒಲೆ ಹಚ್ಚುವ ಆ ಹೊತ್ತಿಗಾಗಿಯೇ ಇಷ್ಟೆಲ್ಲ ಓಡಾಡಿದ್ದು ಅನಿಸುತ್ತಿತ್ತು.

ಹಾಸಿಗೆ ಗಟ್ಟಿ. ಅಲ್ಲಿ ಹಾಗೆಯೇ, ಹಲಗೆಯ ಮೇಲೆ ತೆಳ್ಳನೆಯ ಹಾಸು. ನಾನು 90 ಯುವಾನ್‌ಗೆ ಇನ್ನೊಂದು ಹಾಸು ತಂದುಕೊಂಡೆ. ಬಚ್ಚಲಿನಲ್ಲಿ ಕಮೋಡ್ ಇಲ್ಲ, ಕುಕ್ಕರುಗಾಲಲ್ಲಿ ಕೂರುವ ಶೌಚ, ಶವರ್ ಅದರ ಪಕ್ಕದಲ್ಲೇ. ಮಂಡಿ ನೋವಿರುವವರು ಫೋಟೋ ನೋಡಿಯೇ ಒಪ್ಪಿಕೊಳ್ಳಬೇಕು. ಗ್ಯಾಸ್ ಗೀಸರ್‌ಗೆ ದಪ್ಪ ಬ್ಯಾಟರಿ ಸೆಲ್ ಹಾಕಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ತಣ್ಣೀರೇ ಬಂತು, ಆಯಿಗೆ ಮೆಸೇಜ್ ಮಾಡಿದರೆ ಸೆಲ್ಲಿನ ಫೋಟೋ ಕಳಿಸಿದರು, ಕೆಳಗಿನ ಅಂಗಡಿಯಲ್ಲಿ ತಂದು ಹಾಕಿದೆ, ಮುಗಿಯಿತು. ಪ್ಲಗ್ ವಿಷಯ ನೆನಪಿಡಿ, ನಮ್ಮ ಮೂರು ದುಂಡು ಕಡ್ಡಿಯ ಪ್ಲಗ್ ಅಲ್ಲಿನ ಸಾಕೆಟ್‌ಗೆ ಹೋಗುವುದಿಲ್ಲ.

ದೊಡ್ಡ ತೊಂದರೆ ಅಂದರೆ 'ಹ್ವೇ ನಾನ್ ಥ್ಯೆನ್'. ಮಾರ್ಚ್, ಏಪ್ರಿಲ್ ಹೊತ್ತಿಗೆ ದಕ್ಷಿಣದ ಸಮುದ್ರದ ಕಡೆಯಿಂದ ಬಿಸಿಯಾದ ತೇವದ ಗಾಳಿ ಬರುತ್ತದೆ. ಚಳಿಗಾಲದ ತಂಪು ಇನ್ನೂ ಆರದ ಗೋಡೆ, ನೆಲಕ್ಕೆ ಅದು ತಾಗಿ ನೀರಾಗುತ್ತದೆ. ಮಳೆ ಬಂದಿಲ್ಲ, ಪೈಪ್ ಒಡೆದಿಲ್ಲ, ಆದರೆ ಟೈಲ್ಸ್ ಮೇಲೆ ನೀರು, ಕನ್ನಡಿ ಮೇಲೆ ನೀರು, ಮೆಟ್ಟಿಲ ಮೇಲೆ ನೀರು. ತೊಳೆದ ಬಟ್ಟೆ ನಾಲ್ಕು ದಿನವಾದರೂ ಒಣಗಲಿಲ್ಲ. ನಾನು ಮೊದಲ ದಿನ ಗಾಳಿಯಾಡಲಿ ಅಂತ ಕಿಟಕಿ ತೆಗೆದಿಟ್ಟಿದ್ದೆ, ಅದೇ ತಪ್ಪು. ಕಿಟಕಿ ಮುಚ್ಚಬೇಕು. ಆಯಿ ತೇವ ಹೀರುವ ಯಂತ್ರವನ್ನು ತಮ್ಮ ಮನೆಯಿಂದ ತಂದುಕೊಟ್ಟರು, ದಿನಕ್ಕೆ ಎರಡು ಸಲ ಅದರ ತೊಟ್ಟಿಯ ನೀರು ಚೆಲ್ಲುತ್ತಿದ್ದೆ. ಕೆಳಗಿನ ಮಹಡಿಗಳ ಪಾಡು ಇನ್ನೂ ಕಷ್ಟ. ವಸಂತದಲ್ಲಿ ಗುವಾಂಗ್‌ಝೌಗೆ ಹೋಗುವವರು ಒಂದನೇ, ಎರಡನೇ ಮಹಡಿ ತೆಗೆದುಕೊಳ್ಳಲೇಬೇಡಿ, ಲಿಫ್ಟ್ ಇಲ್ಲದಿದ್ದರೂ ಮೇಲಿನದೇ ಇರಲಿ.

ಉತ್ತರದ ಊರಿಗೆ ಚಳಿಗಾಲದಲ್ಲಿ ಹೋಗುವವರ ಚಿಂತೆ ಬೇರೆ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಕಟ್ಟಡಕ್ಕೆಲ್ಲ ಒಟ್ಟಿಗೆ ಬಿಸಿ ಪೂರೈಕೆ ಇರುತ್ತದೆ. ಶಾಂಘೈ ಮನೆಗಳಲ್ಲಿ ಅದು ಇರುವುದಿಲ್ಲ, ಎಸಿಯಲ್ಲೇ ಬಿಸಿ ಮಾಡಿಕೊಳ್ಳಬೇಕು. ಬೀಜಿಂಗ್‌ನಲ್ಲಿ ದಿನಬಾಡಿಗೆ ಮನೆಗೆ ನಿಯಮವೂ ಬಿಗಿ, 2021ರ ಫೆಬ್ರುವರಿ 1ರಿಂದ ನಗರದ ನಟ್ಟನಡುವಿನ ಡೋಂಗ್‌ಚೆಂಗ್, ಶಿಚೆಂಗ್ ಭಾಗದ ವಸತಿ ಕಟ್ಟಡಗಳಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಅಲ್ಲಿ ಚೆಂದದ ಮಿನ್‌ಸು ಕಂಡರೆ ಇನ್ನೂ ಹುಷಾರಾಗಿರಿ.

ಒಟ್ಟು ಖರ್ಚು: ಎರಡೂವರೆ ತಿಂಗಳ ಬಾಡಿಗೆ 11,500, ಬ್ರೋಕರ್‌ಗೆ 2,300, ಕರೆಂಟ್, ನೀರು, ಗ್ಯಾಸ್ ಸೇರಿ ಸುಮಾರು 700. ಎಲ್ಲ ಕೂಡಿದರೆ 14,500 ಯುವಾನ್. ನಾನಿದ್ದ ಸಾಧಾರಣ ಹೋಟೆಲ್ ದಿನಕ್ಕೆ 320, ಅದೇ 75 ದಿನಕ್ಕೆ 24,000 ಆಗುತ್ತಿತ್ತು. ಅದೂ ಬೆಲೆ ಏರದಿದ್ದರೆ. ಏಪ್ರಿಲ್ 15ರಿಂದ ಮೇ 5ರವರೆಗೆ ಕ್ಯಾಂಟನ್ ಫೇರ್ ನಡೆಯಿತು, 1957ರಿಂದ ನಡೆಯುತ್ತಾ ಬಂದಿರುವ ದೊಡ್ಡ ವ್ಯಾಪಾರ ಮೇಳ ಅದು. ಆ ದಿನಗಳಲ್ಲಿ ಮೇಳ ನಡೆಯುವ ಪಾಝೌ ಸುತ್ತಮುತ್ತ ಮಾತ್ರವಲ್ಲ, ಊರಿಡೀ ರೂಮುಗಳ ದರ ಮೇಲೇರುತ್ತದೆ. ಜೊತೆಗೆ ಕೆಲಸ ಮಾಡುತ್ತಿದ್ದವರು ದುಪ್ಪಟ್ಟು ಕೊಟ್ಟು ದೂರದಲ್ಲಿ ಉಳಿದರು. ನನ್ನ ಬಾಡಿಗೆ ಒಂದು ಯುವಾನ್ ಕೂಡ ಬದಲಾಗಲಿಲ್ಲ.

ಕೆಲವೇ ದಿನ ಇರುವವರಿಗೆ, ಹತ್ತು ಹದಿನೈದು ದಿನದವರಿಗೆ, ಈ ದಾರಿ ಬೇಡ. ಹುಡುಕುವುದರಲ್ಲೇ ಅರ್ಧ ದಿನಗಳು ಹೋಗುತ್ತವೆ. ಸುಮ್ನೆ ಹೋಟೆಲ್ ತೆಗೆದುಕೊಳ್ಳಿ. ವಿದೇಶಿಯರನ್ನು ಇಟ್ಟುಕೊಳ್ಳಲು ನಮಗೆ ಪರವಾನಗಿ ಇಲ್ಲ ಅಂತ ಹೋಟೆಲ್‌ಗಳು ವಾಪಸ್ ಕಳಿಸಬಾರದು ಅಂತ 2024ರಲ್ಲಿ ಸರ್ಕಾರವೇ ಸೂಚನೆ ಕೊಟ್ಟಿದೆ, ಅದು ಮೊದಲಿಗಿಂತ ಎಷ್ಟೋ ಮೇಲು. ಒಂದೂವರೆ ತಿಂಗಳು ದಾಟುವುದಾದರೆ ಮಾತ್ರ ಬ್ರೋಕರ್ ಅಂಗಡಿ ಹತ್ತಿ. ಮೊದಲ ವಾರಕ್ಕೆ ಹೋಟೆಲ್ ಬುಕ್ ಮಾಡಿಕೊಂಡು ಹೋಗಿ, ಮನೆಯನ್ನು ಕಣ್ಣಾರೆ ನೋಡಿ ಹಣ ಕೊಡಿ.

ನಾನು ಹೊರಡುವ ದಿನ ಆಯಿ ಬೆಳಿಗ್ಗೆ ಏಳಕ್ಕೇ ಬಂದರು. ಮನೆಗೆ ಬಂದ ದಿನ ನಾನು ಪ್ರತಿ ಕೋಣೆಯ ವೀಡಿಯೊ ಮಾಡಿಟ್ಟಿದ್ದೆ, ಗೋಡೆಯ ಮೇಲಿನ ಹಳೇ ಕಲೆ, ಬೀರುವಿನ ಮುರಿದ ಹಿಡಿ ಎಲ್ಲ ಅದರಲ್ಲಿ ಇತ್ತು. ಅದನ್ನು ತೆಗೆದು ತೋರಿಸುವ ಅಗತ್ಯವೇ ಬರಲಿಲ್ಲ. ಮೀಟರ್ ನೋಡಿದರು, ಕೊನೆಯ ಕರೆಂಟ್ ಬಾಕಿ 83 ಯುವಾನ್ ಅಂತ ಬರೆದರು, ಉಳಿದ 4,517 ಎಣಿಸಿ ಕೈಯಲ್ಲಿಟ್ಟು ನನ್ನಿಂದಲೂ ಒಂದು ರಸೀದಿ ಬರೆಸಿಕೊಂಡರು. ದಾರಿಗೆ ಅಂತ ಬಾಳೆಹಣ್ಣಿನ ಒಂದು ಚಿಪ್ಪು ಕೂಡ ತಂದಿದ್ದರು.

ಅವರ ವಿಳಾಸವನ್ನು ಇಲ್ಲಿ ಹಾಕುವುದಿಲ್ಲ, ಅವರನ್ನು ಕೇಳದೆ ಹಾಗೆ ಮಾಡುವುದು ಸರಿಯಲ್ಲ. ಆದರೆ ತಾವ್‌ಜಿನ್ ಸ್ಟೇಷನ್ನಿನ ಹಿಂದಿನ ಗಲ್ಲಿಗಳಲ್ಲಿ ಇಂಥ ಹಳೆಯ ಕಟ್ಟಡಗಳು ತುಂಬಾ ಇವೆ, ಬ್ರೋಕರ್ ಅಂಗಡಿಗಳೂ ಸಾಲಾಗಿ ಇವೆ. ಶರತ್ಕಾಲದ ಕ್ಯಾಂಟನ್ ಫೇರ್ ಅಕ್ಟೋಬರ್ 15ಕ್ಕೆ ಶುರುವಾಗುತ್ತದೆ. ಆ ಹೊತ್ತಿಗೆ ಹೋಗುವವರು ಸೆಪ್ಟೆಂಬರ್ ಮೊದಲ ವಾರದಲ್ಲೇ ಹುಡುಕಲು ಶುರು ಮಾಡಿ. ಆಗ ತೇವದ ಕಾಟವೂ ಇರುವುದಿಲ್ಲ.